ಬೆಕ್ಕಿನ ಲಿಟರ್ ಬದಲಿಸಿದರೂ ವಾಸನೆ ಏಕೆ ಹೋಗುತ್ತಿಲ್ಲ?

ಪ್ರಶ್ನೆ: ನಮ್ಮದು ಎರಡು ಕೋಣೆಗಳ ಚಿಕ್ಕ ಮನೆ. ನಾಲ್ಕು ವರ್ಷದ ಹೆಣ್ಣುಬೆಕ್ಕು, ಒಂದೂವರೆ ವರ್ಷದ ಗಂಡುಬೆಕ್ಕು ಇವೆ. ಎರಡಕ್ಕೂ ಮುಚ್ಚಳವಿರುವ ಒಂದೇ ಲಿಟರ್ ಪೆಟ್ಟಿಗೆಯನ್ನು (ಬೆಕ್ಕು ಮಲಮೂತ್ರ ಮಾಡಲು ಲಿಟರ್ ಎಂಬ ಹೀರುವ ಹರಳು ತುಂಬಿದ ಪೆಟ್ಟಿಗೆ) ಸ್ನಾನದ ಕೋಣೆಯ ಮೂಲೆಯಲ್ಲಿ ಇಟ್ಟಿದ್ದೇವೆ. ಒಂದು ವರ್ಷದಲ್ಲಿ ಮೂರು ಬಗೆಯ ಲಿಟರ್ ಬದಲಿಸಿದೆವು. ಈಗ ಲ್ಯಾವೆಂಡರ್ ಪರಿಮಳದ್ದನ್ನು ಬಳಸುತ್ತಿದ್ದೇವೆ. ಮೇಲೆ ಅಡುಗೆ ಸೋಡಾ ಉದುರಿಸುತ್ತೇವೆ, ಎರಡು ದಿನಕ್ಕೊಮ್ಮೆ ಮೂತ್ರ ಹೀರಿ ಗಟ್ಟಿಯಾದ ಉಂಡೆಗಳನ್ನು ತೆಗೆಯುತ್ತೇವೆ. ಆದರೂ ಬಾಗಿಲು ತೆರೆದ ಕೂಡಲೇ ಘಾಟು ಮೂಗಿಗೆ ಬಡಿಯುತ್ತದೆ. ಕಳೆದ ತಿಂಗಳಿಂದ ಹೆಣ್ಣುಬೆಕ್ಕು ಕಾಲೊರಸಿನ ಮೇಲೂ ಮೂತ್ರ ಮಾಡತೊಡಗಿದೆ. ಡಾಕ್ಟರೇ, ಯಾವ ಲಿಟರ್ ತಂದರೆ ಈ ವಾಸನೆ ನಿಲ್ಲುತ್ತದೆ?

ಉತ್ತರ: ನಿಮ್ಮ ಪತ್ರದಲ್ಲಿ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ‘ಎರಡು ದಿನಕ್ಕೊಮ್ಮೆ’ ಎಂಬ ಮಾತು. ಅದು ಬದಲಾಗದಿದ್ದರೆ ನಾಲ್ಕನೆಯ ಬಗೆಯ ಲಿಟರ್ ತಂದರೂ ಮನೆಯ ವಾಸನೆ ಬದಲಾಗುವುದಿಲ್ಲ. ಲಿಟರ್ ದುರ್ವಾಸನೆಯನ್ನು ನಾಶ ಮಾಡುತ್ತದೆ ಎಂದು ಚೀಲದ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿರುತ್ತದೆ. ಅದು ಮಾರಾಟದ ಮಾತು. ಲಿಟರ್ ಮಾಡುವ ಕೆಲಸ ಇಷ್ಟೇ: ಮೂತ್ರವನ್ನು ಹೀರಿ ಹಿಡಿದಿಟ್ಟುಕೊಂಡು, ನೀವು ಬಂದು ಎತ್ತಿ ಹಾಕುವವರೆಗೆ ಸ್ವಲ್ಪ ಕಾಲಾವಕಾಶ ಕೊಡುತ್ತದೆ. ಒಳ್ಳೆಯ ಲಿಟರ್ ಸುಮಾರು ಒಂದು ದಿನದ ಅವಕಾಶ ಕೊಟ್ಟೀತು, ಕಳಪೆಯದು ಕೆಲವು ಗಂಟೆಗಳದ್ದು. ಆ ಅವಧಿ ದಾಟಿದ ಮೇಲೆ ಪರಿಮಳವೂ ಸೋಡಾವೂ ನೆರವಿಗೆ ಬರುವುದಿಲ್ಲ.

ಕಾಲೊರಸಿನ ವಿಷಯವನ್ನು ನೀವು ಕೊನೆಯ ಸಾಲಿನಲ್ಲಿ ಬರೆದಿದ್ದೀರಿ. ಪಶುವೈದ್ಯನಾಗಿ ನನಗೆ ವಾಸನೆಗಿಂತ ಅದೇ ದೊಡ್ಡದಾಗಿ ಕಾಣುತ್ತದೆ. ಅದಕ್ಕೆ ಬರುತ್ತೇನೆ, ಮೊದಲು ವಾಸನೆ ಎಲ್ಲಿಂದ ಹುಟ್ಟುತ್ತದೆ ಎಂದು ನೋಡೋಣ. ಮೂಲ ತಿಳಿಯದೆ ಮದ್ದು ಹುಡುಕಿದ್ದರಿಂದಲೇ ನಿಮ್ಮ ಒಂದು ವರ್ಷ ಕಳೆದುಹೋಗಿದೆ.

ಸಾಕುಬೆಕ್ಕಿನ ಪೂರ್ವಜರು ಒಣ ಪ್ರದೇಶದ ಕಾಡುಬೆಕ್ಕುಗಳು. ನೀರನ್ನು ಉಳಿಸಿಕೊಳ್ಳುವುದರಲ್ಲಿ ಅವುಗಳ ಮೂತ್ರಪಿಂಡಗಳು ಬಹಳ ಸಮರ್ಥ. ಆರೋಗ್ಯವಂತ ಬೆಕ್ಕಿನ ಮೂತ್ರದ ಸಾಪೇಕ್ಷ ಸಾಂದ್ರತೆ (ನೀರಿನದು 1 ಎಂದಿಟ್ಟುಕೊಂಡರೆ) ಸಾಮಾನ್ಯವಾಗಿ 1.035ಕ್ಕಿಂತ ಹೆಚ್ಚಿರುತ್ತದೆ. ಅಂದರೆ ಸ್ವಲ್ಪ ನೀರಿನಲ್ಲಿ ಬಹಳಷ್ಟು ಯೂರಿಯಾ. ಆಗತಾನೇ ಬಿದ್ದ ಮೂತ್ರಕ್ಕೆ ಅಂಥ ಘಾಟು ಇರುವುದಿಲ್ಲ ಎಂಬುದನ್ನು ಗಮನಿಸಿದ್ದೀರಾ? ಪೆಟ್ಟಿಗೆಯಲ್ಲಿರುವ ಬ್ಯಾಕ್ಟೀರಿಯಾಗಳು ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆದಾಗ ಅಮೋನಿಯ ಹೊರಬರುತ್ತದೆ. ಕಣ್ಣಿಗೆ ಚುರುಕು ಮುಟ್ಟಿಸುವ ಘಾಟು ಅದೇ. ಈ ಕೆಲಸಕ್ಕೆ ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದು ತೇವ, ಬೆಚ್ಚಗಿನ ವಾತಾವರಣ ಮತ್ತು ಸಮಯ. ಸ್ನಾನದ ಕೋಣೆಯ ಮೂಲೆ ಮೊದಲೆರಡನ್ನು ಕೊಡುತ್ತಿದೆ, ಮೂರನೆಯದನ್ನು ನೀವು ಕೊಡುತ್ತಿದ್ದೀರಿ.

ಎರಡನೆಯ ಮೂಲ ಗಂಡುಬೆಕ್ಕು. ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೇ ಎಂದು ನೀವು ಬರೆದಿಲ್ಲ. ಆಗಿಲ್ಲದಿದ್ದರೆ, ಈ ಉತ್ತರದಲ್ಲಿರುವ ಉಳಿದ ಸಲಹೆಗಳೆಲ್ಲ ಸೇರಿ ಮಾಡುವುದಕ್ಕಿಂತ ಹೆಚ್ಚಿನ ಉಪಕಾರವನ್ನು ಅದೊಂದೇ ಮಾಡೀತು. ಬೆಕ್ಕಿನ ಮೂತ್ರದಲ್ಲಿ ಫೆಲಿನೈನ್ ಎಂಬ ಗಂಧಕಯುಕ್ತ ಅಮೈನೋ ಆಮ್ಲವಿದೆ. ಅದು ನಿಧಾನವಾಗಿ ಒಡೆದು ಹೊರಬರುವ ಗಂಧಕದ ಸಂಯುಕ್ತಗಳೇ ‘ಗಂಡುಬೆಕ್ಕಿನ ನಾತ’ ಎಂದು ಎಲ್ಲರೂ ಗುರುತಿಸುವ ಕಮಟು ವಾಸನೆಗೆ ಕಾರಣ. ಶಸ್ತ್ರಚಿಕಿತ್ಸೆಯಾಗದ ವಯಸ್ಕ ಗಂಡಿನಲ್ಲಿ ಇದರ ಪ್ರಮಾಣ ಹೆಣ್ಣಿಗಿಂತ, ಶಸ್ತ್ರಚಿಕಿತ್ಸೆಯಾದ ಗಂಡಿಗಿಂತ ಎಷ್ಟೋ ಪಟ್ಟು ಹೆಚ್ಚು. ಗಂಡು ಹಾರ್ಮೋನಾದ ಟೆಸ್ಟೊಸ್ಟೆರಾನ್ ಇಳಿದಂತೆ ಇದೂ ಇಳಿಯುತ್ತದೆ. ಜತೆಗೆ ಗೋಡೆ, ಪರದೆಗಳ ಮೇಲೆ ಮೂತ್ರ ಸಿಂಪಡಿಸಿ ಗಡಿ ಗುರುತಿಸುವ ಅಭ್ಯಾಸವೂ ಬಹುಪಾಲು ಗಂಡುಗಳಲ್ಲಿ ನಿಲ್ಲುತ್ತದೆ ಅಥವಾ ಕಡಿಮೆಯಾಗುತ್ತದೆ.

ಮೂರನೆಯದು ಮಲ. ಇದರ ನಾತ ತೀಕ್ಷ್ಣ, ಆದರೆ ಬೆಕ್ಕು ಚೆನ್ನಾಗಿ ಹೂತರೆ ಬೇಗ ಅಡಗುತ್ತದೆ. ದಿನವೂ ಗಬ್ಬು ಹೊಡೆಯುವ ಸಡಿಲ ಮಲ ಬರುತ್ತಿದ್ದರೆ ತಪ್ಪು ಲಿಟರ್‌ನದ್ದಲ್ಲ. ಆಹಾರ, ಜಂತುಹುಳು ಅಥವಾ ಕರುಳಿನ ತೊಂದರೆಯ ಕಡೆ ನೋಡಬೇಕು.

ನಿಮ್ಮ ಮನೆಯಲ್ಲಿ ಇವುಗಳಲ್ಲಿ ಯಾವುದು ಎಂದು ಪತ್ತೆಹಚ್ಚುವುದು ಕಷ್ಟವಲ್ಲ. ಉಂಡೆಗಳನ್ನೆಲ್ಲ ತೆಗೆದ ಕೂಡಲೇ ಮೊಣಕಾಲೂರಿ ಕುಳಿತು ಪೆಟ್ಟಿಗೆಯ ಮೇಲೆ ಬಗ್ಗಿ ಮೂಸಿ ನೋಡಿ. ಕಣ್ಣಿಗೆ ಹತ್ತುವ ಘಾಟು ಇನ್ನೂ ಇದ್ದರೆ ತಳದಲ್ಲಿ ಅಥವಾ ಪುಡಿಯಲ್ಲಿ ಹಳೆಯ ಮೂತ್ರ ಉಳಿದಿದೆ. ಘಾಟಿಗಿಂತ ಕಮಟೇ ಮುಂದಾಗಿದ್ದರೆ ಗಂಡುಬೆಕ್ಕಿನತ್ತ ಬೆರಳು ತೋರಿಸಿ. ಲಿಟರ್ ಪೂರ್ತಿ ಖಾಲಿ ಮಾಡಿ, ತೊಳೆದು ಒಣಗಿಸಿದ ಪೆಟ್ಟಿಗೆಯಿಂದಲೂ ವಾಸನೆ ಬಂದರೆ ಅದು ಪ್ಲಾಸ್ಟಿಕ್‌ನೊಳಗೆ ಸೇರಿಕೊಂಡಿದೆ. ಬೆಕ್ಕು ಕೆರೆದ ಗೀರುಗಳಲ್ಲಿ ಮೂತ್ರ ಇಳಿದು ಕೂತರೆ ಎಷ್ಟು ಉಜ್ಜಿದರೂ ಹೋಗದು. ಪ್ಲಾಸ್ಟಿಕ್ ಪೆಟ್ಟಿಗೆಯನ್ನು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ಸ್ಟೀಲಿನದಕ್ಕೆ ಈ ರೋಗವಿಲ್ಲ. ಪೆಟ್ಟಿಗೆಯಲ್ಲಿ ಏನೂ ಇಲ್ಲ, ಆದರೂ ಕೋಣೆ ನಾರುತ್ತಿದೆ ಎಂದಾದರೆ ಬೆಕ್ಕು ಬೇರೆಲ್ಲೋ ಮೂತ್ರ ಮಾಡಿದೆ. ಕತ್ತಲಲ್ಲಿ ನೇರಳಾತೀತ ಟಾರ್ಚ್ ಹಿಡಿದು ನೋಡಿ. ಒಣಗಿದ ಮೂತ್ರದ ಕಲೆ ಮಂಕಾಗಿ ಹೊಳೆಯುತ್ತದೆ.

ಈಗ ಅಡುಗೆ ಸೋಡಾ. ಇದರ ಮೇಲಿನ ನಂಬಿಕೆ ಎಲ್ಲೆಡೆ ಗಟ್ಟಿಯಾಗಿ ಬೇರೂರಿದೆ, ಆದರೆ ರಸಾಯನಶಾಸ್ತ್ರ ಅದರ ಪರ ಇಲ್ಲ. ಸೋಡಾ ಸೌಮ್ಯ ಕ್ಷಾರ. ಹುಳಿ ಸ್ವಭಾವದ ವಾಸನೆಗಳನ್ನು ಅದು ತಣಿಸಬಲ್ಲದು. ಅಮೋನಿಯವೂ ಕ್ಷಾರವೇ. ಕ್ಷಾರದಿಂದ ಕ್ಷಾರವನ್ನು ಕಟ್ಟಿಹಾಕಲಾಗದು. ತಳದಲ್ಲಿ ತೆಳ್ಳಗೆ ಉದುರಿಸಿದರೆ ಒಂದಿಷ್ಟು ತೇವ ಹೀರೀತು, ಹಾನಿಯೂ ಇಲ್ಲ. ಆದರೆ ನಿಮ್ಮ ಮುಖ್ಯ ಶತ್ರುವಿನ ಎದುರು ಅದು ನಿರಾಯುಧ. ಸಕ್ರಿಯ ಇದ್ದಿಲು ಗಂಧಕದ ಸಂಯುಕ್ತಗಳನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ವಿಶೇಷವಾಗಿ ಸಂಸ್ಕರಿಸದ ಇದ್ದಿಲು ಅಮೋನಿಯವನ್ನು ಅಷ್ಟಾಗಿ ಹಿಡಿಯದು. ಅಮೋನಿಯಕ್ಕೆ ಜಿಯೊಲೈಟ್ ಎಂಬ ಖನಿಜ ವಾಸಿ. ಅದರ ಸೂಕ್ಷ್ಮ ರಂಧ್ರಗಳಲ್ಲಿ ಅಮೋನಿಯಂ ಅಯಾನುಗಳು ಸಿಕ್ಕಿಕೊಳ್ಳುತ್ತವೆ. ಚೀಲದ ಮೇಲೆ ಪದಾರ್ಥಗಳ ಪಟ್ಟಿ ಓದುವಾಗ ಈ ವ್ಯತ್ಯಾಸ ನೆನಪಿರಲಿ.

ಲ್ಯಾವೆಂಡರ್ ಬಗ್ಗೆ ನನ್ನ ಅಭಿಪ್ರಾಯ ಕಟುವಾದದ್ದು. ಪರಿಮಳ ಇರುವುದು ಕೊಳ್ಳುವವರ ಮೂಗಿಗಾಗಿ. ಬಳಸುವ ಪ್ರಾಣಿಗೆ ಅದು ಬೇಕಿಲ್ಲ. ಬೆಕ್ಕಿನ ಮೂಗು ನಮ್ಮದಕ್ಕಿಂತ ಬಹಳ ಸೂಕ್ಷ್ಮ, ಮೇಲಾಗಿ ಅದು ಲಿಟರ್‌ನಿಂದ ಒಂದು ಗೇಣು ಎತ್ತರದಲ್ಲಿರುತ್ತದೆ. ನಿಮಗೆ ಹಿತವೆನಿಸುವ ಪರಿಮಳ ಮುಚ್ಚಳದೊಳಗೆ ಅದಕ್ಕೆ ಉಸಿರುಗಟ್ಟಿಸುವಂತಿರಬಹುದು. ಅಮೋನಿಯ ಮತ್ತು ಲ್ಯಾವೆಂಡರ್ ಬೆರೆತ ವಾಸನೆ ಮನುಷ್ಯರಿಗೂ ಬರಿಯ ಅಮೋನಿಯಕ್ಕಿಂತ ಹೇಸಿಗೆ ಹುಟ್ಟಿಸುತ್ತದೆ. ಪೆಟ್ಟಿಗೆಯ ಬಳಿ ಸುಗಂಧ ತೈಲಗಳನ್ನಂತೂ ಇಡಲೇಬೇಡಿ. ಟೀ ಟ್ರೀ ತೈಲ, ಕಿತ್ತಳೆ ಜಾತಿಯ ಹಣ್ಣುಗಳ ತೈಲ ಮುಂತಾದವು ಬೆಕ್ಕಿಗೆ ವಿಷಕಾರಿ.

ಇನ್ನು ಲಿಟರ್ ಆಯ್ಕೆ. ಹಿಂದೆ ಮನೆಯೊಳಗೆ ಬೆಕ್ಕು ಸಾಕುವವರು ಮರಳು, ಬೂದಿ, ಮರದ ಹೊಟ್ಟು ಬಳಸುತ್ತಿದ್ದರು. 1947ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಎಡ್ ಲೋ ಎಂಬಾತ, ಬೂದಿಯಲ್ಲಿ ಓಡಾಡಿ ಮನೆಯೆಲ್ಲ ಹೆಜ್ಜೆಗುರುತು ಮೂಡಿಸುತ್ತಿದ್ದ ಬೆಕ್ಕಿನಿಂದ ಬೇಸತ್ತ ನೆರೆಮನೆಯಾಕೆಗೆ, ಚೆಲ್ಲಿದ ಎಣ್ಣೆ ಹೀರಲು ಮಾರುತ್ತಿದ್ದ ಜೇಡಿಮಣ್ಣಿನ ಹರಳನ್ನು ಕೊಟ್ಟ. ಅಂಗಡಿಯ ಲಿಟರ್ ಹುಟ್ಟಿದ್ದು ಹಾಗೆ. ಆ ಬಗೆಯ ಸಾದಾ ಜೇಡಿಮಣ್ಣಿನ ಲಿಟರ್ ಈಗಲೂ ಸಿಗುತ್ತದೆ, ಅಗ್ಗವೂ ಹೌದು. ಅದು ಮೂತ್ರವನ್ನು ಹೀರುತ್ತದೆ, ಆದರೆ ಉಂಡೆ ಕಟ್ಟುವುದಿಲ್ಲ. ಮಲವನ್ನಷ್ಟೇ ಎತ್ತಬಹುದು, ಮೂತ್ರ ಅಲ್ಲೇ ಉಳಿದು ತಳಕ್ಕಿಳಿಯುತ್ತದೆ. ವಾರಕ್ಕೊಮ್ಮೆಯಾದರೂ, ಎರಡು ಬೆಕ್ಕುಗಳಿದ್ದರೆ ವಾರಕ್ಕೆರಡು ಸಲ, ಪೂರ್ತಿ ಚೆಲ್ಲಿ ಹೊಸದು ತುಂಬಬೇಕು. ಲೆಕ್ಕ ಹಾಕಿದರೆ ಅಗ್ಗ ಎನ್ನುವ ಮಾತು ಅಲ್ಲಿಗೆ ಮುಗಿಯುತ್ತದೆ.

1980ರ ದಶಕದಲ್ಲಿ ಬಂದ ಉಂಡೆ ಕಟ್ಟುವ ಲಿಟರ್ ಇಡೀ ವ್ಯವಹಾರವನ್ನೇ ಬದಲಿಸಿತು. ಇದರ ಜೀವಾಳ ಸೋಡಿಯಂ ಬೆಂಟೊನೈಟ್. ಪದರ ಪದರವಾಗಿರುವ ಈ ಜೇಡಿಮಣ್ಣಿನ ನಡುವೆ ನೀರು ನುಗ್ಗಿದಾಗ ಪದರಗಳು ಅರಳಿ, ಉಬ್ಬಿ, ಅಂಟಾಗಿ ಬಿಗಿಯುತ್ತವೆ. ಮೂತ್ರ ತಳ ಮುಟ್ಟುವ ಮೊದಲೇ ಉಂಡೆಯಾಗಿ ನಿಲ್ಲುತ್ತದೆ, ನೀವು ಅದನ್ನು ಇಡಿಯಾಗಿ ಎತ್ತುತ್ತೀರಿ. ಅಂದರೆ ಯೂರಿಯಾ ಅಮೋನಿಯವಾಗುವ ಮೊದಲೇ ಮನೆಯಿಂದ ಹೊರಗೆ. ವಾಸನೆ ತಡೆಯುವುದರಲ್ಲಿ ಇದನ್ನು ಮೀರಿಸುವ ಉಪಾಯ ನನಗೆ ಕಂಡಿಲ್ಲ, ಆದರೆ ಎತ್ತಿದರೆ ಮಾತ್ರ. ಕೊರತೆಗಳೂ ಇವೆ: ಭಾರ ಹೆಚ್ಚು, ಅಗ್ಗದ ಚೀಲಗಳಲ್ಲಿ ಧೂಳು ಏಳುತ್ತದೆ, ಪಂಜಕ್ಕಂಟಿ ಹಾಸಿಗೆಯವರೆಗೂ ಬರುತ್ತದೆ, ಮಣ್ಣಾದ್ದರಿಂದ ಕೊಳೆಯುವುದಿಲ್ಲ. ಬೆಕ್ಕಿಗೋ ಮನೆಯವರಿಗೋ ಆಸ್ತಮಾ ಇದ್ದರೆ ಧೂಳು ಕಡಿಮೆಯಿರುವುದನ್ನೇ ಹುಡುಕಬೇಕು. ಚೀಲ ಸುರಿಯುವಾಗ ಪೆಟ್ಟಿಗೆಯ ಹತ್ತಿರದಿಂದ ನಿಧಾನವಾಗಿ ಸುರಿಯಿರಿ. ಬಿಳಿ ಮೋಡ ಎದ್ದರೆ ಆ ಲಿಟರ್ ಮತ್ತೆ ಬೇಡ.

ಸಿಲಿಕಾ ಜೆಲ್ ಹರಳುಗಳ ಸ್ವಭಾವ ಬೇರೆ. ಅವು ಮೂತ್ರವನ್ನು ಒಳಗೆಳೆದುಕೊಂಡು ನೀರಿನಂಶವನ್ನು ನಿಧಾನವಾಗಿ ಗಾಳಿಗೆ ಬಿಡುತ್ತವೆ. ಹಗುರ, ಧೂಳು ಕಡಿಮೆ. ಒಂದೇ ಬೆಕ್ಕಿರುವ ಮನೆಯಲ್ಲಿ ಮೂರ್ನಾಲ್ಕು ವಾರ ಬರುವುದುಂಟು. ಆದರೆ ದಿನವೂ ಕೆದಕಬೇಕು, ಮತ್ತು ತುಂಬಿಕೊಂಡ ದಿನ ಅವು ಮುನ್ಸೂಚನೆ ಕೊಡದೆ ಕೈಬಿಡುತ್ತವೆ. ನಿನ್ನೆಯವರೆಗೆ ಏನೂ ಇರಲಿಲ್ಲ, ಇವತ್ತು ಕೋಣೆಯಲ್ಲಿ ನಿಲ್ಲಲಾಗುವುದಿಲ್ಲ. ಹರಳೆಲ್ಲ ಹಳದಿಗೆ ತಿರುಗಿತೆಂದರೆ ಸಮಯ ಮುಗಿಯಿತೆಂದೇ ಅರ್ಥ. ಗಾಳಿಯಲ್ಲೇ ತೇವ ಹೆಚ್ಚಿದ್ದರೆ ಈ ಅವಧಿ ಇನ್ನೂ ಕಡಿಮೆಯಾಗುವುದರಿಂದ ಸ್ನಾನದ ಕೋಣೆಗೆ ಇದು ತಕ್ಕುದಲ್ಲ. ಹರಳಿನ ಒರಟು ಕೆಲವು ಬೆಕ್ಕುಗಳ ಪಂಜಕ್ಕೂ ಹಿಡಿಸದು.

ಮರದ ಹೊಟ್ಟನ್ನು ಒತ್ತಿ ಮಾಡಿದ ಗುಳಿಗೆಗಳು ಮೂತ್ರ ತಾಗಿದಾಗ ಪುಡಿಯಾಗುತ್ತವೆ. ಜರಡಿಯಂತಿರುವ ಎರಡು ತಳದ ಪೆಟ್ಟಿಗೆಯಲ್ಲಿ ಪುಡಿ ಕೆಳಗೆ ಬೀಳುತ್ತದೆ, ಗಟ್ಟಿ ಗುಳಿಗೆ ಮೇಲೆ ಉಳಿಯುತ್ತದೆ. ಮರದ ಸಹಜ ವಾಸನೆ ಅಮೋನಿಯವನ್ನು ಒಂದಿಷ್ಟು ಮರೆಮಾಚುತ್ತದೆ, ಬೆಲೆಯೂ ಹಿತವಾಗಿರುತ್ತದೆ. ದಪ್ಪ ಗುಳಿಗೆಯ ಮೇಲೆ ನಿಲ್ಲಲು ಬೆಕ್ಕು ಒಪ್ಪಿದರೆ ಇದು ಒಳ್ಳೆಯ ಆಯ್ಕೆ, ಹಲವು ಒಪ್ಪುವುದಿಲ್ಲ. ಕಾಗದದ ಗುಳಿಗೆ ಮೆತ್ತಗೆ, ಧೂಳಿಲ್ಲ, ಆದರೆ ವಾಸನೆ ತಡೆಯುವುದರಲ್ಲಿ ತೀರಾ ದುರ್ಬಲ. ಶಸ್ತ್ರಚಿಕಿತ್ಸೆಯ ಗಾಯ ಮಾಯುವವರೆಗೆ ಬಳಸಿ ಎಂದು ನಾವು ಹೇಳುವುದು ಇದನ್ನೇ.

ಸೋಯಾ ತಿರುಳಿನ ಟೋಫು ಲಿಟರ್, ಮೆಕ್ಕೆಜೋಳ, ಗೋಧಿ ಮುಂತಾದವುಗಳಿಂದ ಮಾಡಿದ ಲಿಟರ್‌ಗಳು ಈಗ ಜನಪ್ರಿಯ. ಉಂಡೆ ಕಟ್ಟುತ್ತವೆ, ಹಗುರವಾಗಿವೆ, ಮಣ್ಣಲ್ಲಿ ಕರಗುತ್ತವೆ. ಒಳ್ಳೆಯ ಗುಣಮಟ್ಟದ್ದನ್ನು ಬೆಂಟೊನೈಟ್‌ನ ಪಕ್ಕದಲ್ಲಿ ನಿಲ್ಲಿಸಲು ಅಡ್ಡಿಯಿಲ್ಲ. ಆದರೆ ಇವು ಮೂಲತಃ ಆಹಾರಪದಾರ್ಥ. ತೇವದಲ್ಲಿಟ್ಟ ಚೀಲಕ್ಕೆ ಬೂಷ್ಟು ಹಿಡಿಯುತ್ತದೆ, ಹುಳು ಬೀಳುತ್ತದೆ, ಹುಳಿ ವಾಸನೆ ಬರುತ್ತದೆ. ತೆರೆದ ಚೀಲವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ಶೌಚಾಲಯದಲ್ಲಿ ಸುರಿಯಬಹುದು ಎಂದು ಕೆಲವು ಚೀಲಗಳ ಮೇಲೆ ಬರೆದಿರುತ್ತದೆ. ಬೇಡ. ಬೆಕ್ಕಿನ ಮಲದಲ್ಲಿರಬಹುದಾದ ಟೊಕ್ಸೊಪ್ಲಾಸ್ಮಾ ಪರಾವಲಂಬಿಯ ಮೊಟ್ಟೆಯಂಥ ಕೋಶಗಳು ಚರಂಡಿ ನೀರಿನ ಸಂಸ್ಕರಣೆಯಲ್ಲಿಯೂ ಉಳಿದು ನೀರಿಗೆ ಸೇರಬಲ್ಲವು. ಬೆಂಟೊನೈಟನ್ನು ಸುರಿದರಂತೂ ಕೊಳವೆಯೊಳಗೇ ಉಬ್ಬಿ ಕಟ್ಟಿಕೊಳ್ಳುತ್ತದೆ. ಚೀಲದಲ್ಲಿ ಹಾಕಿ ಬಿಗಿಯಾಗಿ ಕಟ್ಟಿ ಕಸಕ್ಕೆ ಕೊಡುವುದೇ ಸರಿ. ತರಕಾರಿ ಬೆಳೆಯುವ ಗೊಬ್ಬರದ ಗುಂಡಿಗೆ ಹಾಕಬಾರದು.

ಇಷ್ಟೆಲ್ಲ ಹೇಳಿ ಒಂದನ್ನು ಆರಿಸದೆ ಬಿಟ್ಟರೆ ನಿಮಗೆ ಸಮಾಧಾನವಾಗದು. ನಿಮ್ಮ ಮನೆಗೆ ನನ್ನ ಆಯ್ಕೆ ಸಣ್ಣ ಕಣಗಳ, ಪರಿಮಳವಿಲ್ಲದ, ಧೂಳು ಕಡಿಮೆಯಿರುವ, ಉಂಡೆ ಕಟ್ಟುವ ಬೆಂಟೊನೈಟ್. ಬೆಕ್ಕುಗಳ ಮುಂದೆ ಬಗೆಬಗೆಯ ಲಿಟರ್ ಇಟ್ಟು ನೋಡಿದ ಪರೀಕ್ಷೆಗಳಲ್ಲಿಯೂ ಹೆಚ್ಚಿನವು ಒಲಿದದ್ದು ಮರಳಿನಂಥ ಸಣ್ಣ ಕಣಕ್ಕೆ. ಭಾರ ಹೊರಲು ಕಷ್ಟವಾದರೆ ಟೋಫು ಲಿಟರ್ ನೋಡಿ, ಸಣ್ಣ ಕಣದ್ದನ್ನು. ಕೊನೆಯ ತೀರ್ಪು ಬೆಕ್ಕುಗಳದ್ದೇ. ಎರಡು ಪೆಟ್ಟಿಗೆಗಳನ್ನು ಅಕ್ಕಪಕ್ಕ ಇಟ್ಟು, ಒಂದರಲ್ಲಿ ಹಳೆಯದು, ಇನ್ನೊಂದರಲ್ಲಿ ಹೊಸದು ಹಾಕಿ, ಒಂದೆರಡು ವಾರ ಯಾವುದರಲ್ಲಿ ಹೆಚ್ಚು ಉಂಡೆ ಸಿಗುತ್ತದೆ ಎಂದು ನೋಡಿ. ರಾತ್ರೋರಾತ್ರಿ ಎಲ್ಲವನ್ನೂ ಬದಲಿಸುವುದು ಬೆಕ್ಕುಗಳಿಗೆ ಹಿಡಿಸದು. ವರ್ಷದಲ್ಲಿ ಮೂರು ಸಲ ನೀವು ಹಾಗೆ ಮಾಡಿದ್ದೀರಿ. ಹೆಣ್ಣುಬೆಕ್ಕು ಕಾಲೊರಸಿಗೆ ಹೋದದ್ದರಲ್ಲಿ ಅದರ ಪಾಲೂ ಇದ್ದೀತು.

ಲಿಟರ್‌ಗಿಂತ ಹೆಚ್ಚು ಬದಲಾಗಬೇಕಾದದ್ದು ಪೆಟ್ಟಿಗೆ. ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚು ಪೆಟ್ಟಿಗೆ ಇರಬೇಕೆಂಬುದು ವೈದ್ಯರು ಹೇಳುವ ನಿಯಮ. ನಿಮಗೆ ಮೂರು ಬೇಕು. ಚಿಕ್ಕ ಮನೆಯಲ್ಲಿ ಮೂರಕ್ಕೆ ಜಾಗವಿಲ್ಲದಿದ್ದರೆ ಎರಡಾದರೂ ಇರಲಿ, ಬೇರೆ ಬೇರೆ ಕೋಣೆಯಲ್ಲಿ. ಶಾಶ್ವತವಾಗಿ ಪಕ್ಕಪಕ್ಕದಲ್ಲಿಟ್ಟ ಎರಡು ಪೆಟ್ಟಿಗೆಗಳನ್ನು ಬೆಕ್ಕು ಒಂದೇ ಜಾಗವೆಂದು ಎಣಿಸುತ್ತದೆ. ಹರೆಯದ ಗಂಡು ದಾರಿಯಲ್ಲಿ ಅಡ್ಡ ಮಲಗಿದರೆ ಹೆಣ್ಣಿಗೆ ಎರಡೂ ಮುಚ್ಚಿದಂತೆಯೇ. ಪೆಟ್ಟಿಗೆ ಹೆಚ್ಚಾದರೆ ವಾಸನೆಯೂ ಹೆಚ್ಚುತ್ತದೆ ಎಂದು ಜನ ಹೆದರುತ್ತಾರೆ. ಮೂತ್ರದ ಒಟ್ಟು ಪ್ರಮಾಣ ಅಷ್ಟೇ, ಲಿಟರ್ ಎರಡು ಪಟ್ಟು. ಪ್ರತಿ ಪೆಟ್ಟಿಗೆಯ ಮೇಲಿನ ಹೊರೆ ಅರ್ಧಕ್ಕಿಳಿಯುತ್ತದೆ.

ಅಳತೆಯಲ್ಲಿ ಅಂಗಡಿಯ ಪೆಟ್ಟಿಗೆಗಳು ಬಹುತೇಕ ಚಿಕ್ಕವು. ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟಾದರೂ ಪೆಟ್ಟಿಗೆಯ ಉದ್ದವಿರಬೇಕು. ಬಟ್ಟೆ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಡಬ್ಬಿಯ ಒಂದು ಬದಿಯನ್ನು ತಗ್ಗಾಗಿ ಕತ್ತರಿಸಿ, ಅಂಚನ್ನು ಉಜ್ಜಿ ನುಣುಪು ಮಾಡಿದರೆ ಅಂಗಡಿಯದಕ್ಕಿಂತ ಒಳ್ಳೆಯ ಪೆಟ್ಟಿಗೆ ಸಿದ್ಧ. ಎತ್ತರದ ಗೋಡೆಯಿದ್ದರೆ ಲಿಟರ್ ಹೊರಗೆ ಚಿಮ್ಮುವುದೂ ಕಡಿಮೆ.

ಮುಚ್ಚಳದ ಬಗ್ಗೆ ಎಲ್ಲ ಬೆಕ್ಕುಗಳಿಗೂ ಒಂದೇ ನಿಯಮ ಹೇಳಲಾಗದು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 27 ಬೆಕ್ಕುಗಳಿಗೆ ಎರಡೂ ಬಗೆಯ ಪೆಟ್ಟಿಗೆ ಕೊಟ್ಟು ನೋಡಿದಾಗ 19 ಬೆಕ್ಕುಗಳು ಭೇದ ತೋರಿಸಲಿಲ್ಲ. ನಾಲ್ಕು ಮುಚ್ಚಿದ್ದನ್ನು, ನಾಲ್ಕು ತೆರೆದದ್ದನ್ನು ಆರಿಸಿದವು. ಆ ಪೆಟ್ಟಿಗೆಗಳನ್ನು ದಿನವೂ ಶುಚಿ ಮಾಡುತ್ತಿದ್ದರು ಎಂಬುದು ಇಲ್ಲಿ ಮುಖ್ಯ. ಎರಡು ದಿನದ ಅಮೋನಿಯ ತುಂಬಿದ ಮುಚ್ಚಳದ ಕತೆ ಬೇರೆ: ಘಾಟು ನಿಮ್ಮಿಂದ ಮರೆಯಾಗಿ ಬೆಕ್ಕಿನ ಮುಖಕ್ಕೆ ಕಟ್ಟಿದಂತಾಗುತ್ತದೆ, ನೀವು ಶುಚಿಗೊಳಿಸುವುದನ್ನು ಇನ್ನೂ ಮುಂದೂಡುತ್ತೀರಿ. ಸದ್ಯಕ್ಕೆ ಮುಚ್ಚಳ ತೆಗೆದುಬಿಡಿ. ಸ್ನಾನದ ಕೋಣೆಯಲ್ಲಿ ಗಾಳಿ ಹೊರದಬ್ಬುವ ಫ್ಯಾನ್ ಇದ್ದರೆ ಒಂದು ಪೆಟ್ಟಿಗೆ ಅಲ್ಲೇ ಇರಲಿ, ನೆಲಕ್ಕೆ ನೀರು ಬೀಳದ ಕಡೆ. ಇಲ್ಲದಿದ್ದರೆ ಕಿಟಕಿಯ ಬಳಿ, ಬಟ್ಟೆ ಒಗೆಯುವ ಯಂತ್ರದ ಸದ್ದಿನಿಂದ, ಊಟದ ತಟ್ಟೆಯಿಂದ ದೂರವಿರುವ ಜಾಗ ಹುಡುಕಿ.

ದಿನಚರಿ ದೊಡ್ಡದೇನಲ್ಲ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಉಂಡೆ ಎತ್ತಬೇಕು. ಪ್ರತಿ ಸಲ ಒಂದೆರಡು ನಿಮಿಷದ ಕೆಲಸ. ಬೆಕ್ಕು ಇಳಿದ ಕೂಡಲೇ ಕೈ ಹಾಕಬೇಡಿ; ಉಂಡೆ ಗಟ್ಟಿಯಾಗಲು ಹದಿನೈದು-ಇಪ್ಪತ್ತು ನಿಮಿಷ ಬಿಡಿ, ಇಲ್ಲವಾದರೆ ಅದು ಒಡೆದು ಚೂರುಗಳು ಉಳಿದ ಲಿಟರ್‌ನಲ್ಲಿ ಬೆರೆಯುತ್ತವೆ. ಆ ಚೂರುಗಳೇ ನಾಲ್ಕು ದಿನದ ನಂತರದ ಘಾಟು. ಲಿಟರ್‌ನ ಆಳ ಏಳೆಂಟು ಸೆಂಟಿಮೀಟರ್ ಇರಲಿ. ಕಡಿಮೆಯಾದರೆ ಮೂತ್ರ ತಳಕ್ಕಂಟಿ ಕೆಸರಾಗುತ್ತದೆ, ಅದನ್ನು ಕೆರೆದು ತೆಗೆಯುವಾಗ ಪ್ಲಾಸ್ಟಿಕ್ಕಿಗೂ ಗೀರು ಬೀಳುತ್ತದೆ. ಎತ್ತಿದಷ್ಟನ್ನು ಹೊಸ ಲಿಟರ್‌ನಿಂದ ತುಂಬುತ್ತಿರಿ. ಮೂರ್ನಾಲ್ಕು ವಾರಕ್ಕೊಮ್ಮೆ ಎಲ್ಲವನ್ನೂ ಚೆಲ್ಲಿ, ಬಿಸಿನೀರು ಮತ್ತು ಪರಿಮಳವಿಲ್ಲದ ಪಾತ್ರೆ ಸೋಪಿನಿಂದ ಪೆಟ್ಟಿಗೆ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಹೊಸದು ಹಾಕಿ.

ತೊಳೆಯುವಾಗ ಎರಡು ವಸ್ತುಗಳಿಂದ ದೂರವಿರಿ. ಬ್ಲೀಚ್ ಅಮೋನಿಯದೊಂದಿಗೆ ಸೇರಿದರೆ ಕ್ಲೋರಮೈನ್ ಅನಿಲ ಹೊರಡುತ್ತದೆ. ಮುಚ್ಚಿದ ಸ್ನಾನದ ಕೋಣೆಯಲ್ಲಿ ಅದು ನಿಮ್ಮ ಶ್ವಾಸಕೋಶಕ್ಕೇ ಅಪಾಯ. ಫಿನಾಯಿಲ್ ಮತ್ತು ಫೀನಾಲ್ ಜಾತಿಯ ಸೋಂಕುನಿವಾರಕಗಳು ಬೆಕ್ಕಿಗೆ ವಿಷ. ಅವನ್ನು ನಿರುಪದ್ರವಗೊಳಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಪಂಜಕ್ಕಂಟಿದ್ದನ್ನು ಅದು ನೆಕ್ಕಿಯೇ ನೆಕ್ಕುತ್ತದೆ.

ಮನೆಯಲ್ಲಿ ಗರ್ಭಿಣಿಯರಿದ್ದರೆ ಪೆಟ್ಟಿಗೆಯ ಕೆಲಸ ಬೇರೆಯವರು ಮಾಡಲಿ. ಅನಿವಾರ್ಯವಾದರೆ ಕೈಗವಸು ಹಾಕಿ, ಆಮೇಲೆ ಸೋಪಿನಿಂದ ಕೈ ತೊಳೆಯಬೇಕು. ಮಲದಲ್ಲಿ ಬರುವ ಟೊಕ್ಸೊಪ್ಲಾಸ್ಮಾ ಕೋಶಗಳು ಸೋಂಕು ಹರಡಬಲ್ಲಷ್ಟು ಬಲಿಯಲು ಒಂದರಿಂದ ಐದು ದಿನ ಬೇಕು. ದಿನವೂ ಎತ್ತುವುದು ಇಲ್ಲಿಯೂ ಕಾಪಾಡುತ್ತದೆ. ಮುಂದೆ ಎಂದಾದರೂ ಪುಟ್ಟ ಮರಿ ತಂದರೆ, ಅದು ಬಾಯಿಗೆ ಸಿಕ್ಕಿದ್ದನ್ನೆಲ್ಲ ತಿನ್ನುವ ವಯಸ್ಸು ದಾಟುವವರೆಗೆ, ಅಂದರೆ ಮೂರ್ನಾಲ್ಕು ತಿಂಗಳವರೆಗೆ, ಉಂಡೆ ಕಟ್ಟುವ ಲಿಟರ್ ಬೇಡ.

ಈಗ ಕಾಲೊರಸು. ಹಗೆ ತೀರಿಸಿಕೊಳ್ಳಲು ಬೆಕ್ಕು ಹೀಗೆ ಮಾಡುತ್ತದೆ ಎಂಬ ಮಾತು ಕೇಳಿಬರುತ್ತದೆ. ಅದನ್ನು ತಲೆಯಿಂದ ತೆಗೆದುಹಾಕಿ, ಗದರಿಸಲೂಬೇಡಿ. ಒಂದೋ ಅದಕ್ಕೆ ಪೆಟ್ಟಿಗೆ ಅಸಹನೀಯವಾಗಿದೆ, ಇಲ್ಲವೇ ಮೂತ್ರಕೋಶದಲ್ಲಿ ನೋವಿದೆ. ನೋವಿರುವ ಬೆಕ್ಕು ಪೆಟ್ಟಿಗೆಗೂ ನೋವಿಗೂ ಗಂಟು ಹಾಕಿ, ಮೆತ್ತಗಿನ ಬೇರೆ ಜಾಗ ಹುಡುಕುತ್ತದೆ. ಹಿಂಬದಿಯಲ್ಲಿ ರಬ್ಬರ್ ಇರುವ ಕಾಲೊರಸಾದರೆ ತೊಳೆಯುವ ಶ್ರಮ ಬೇಡ, ಎಸೆಯಿರಿ. ಅದರಡಿಯ ನೆಲಕ್ಕೆ ಕಿಣ್ವಯುಕ್ತ ಕ್ಲೀನರ್ ಧಾರಾಳವಾಗಿ ಹಾಕಿ, ಚೀಟಿಯಲ್ಲಿ ಹೇಳಿದಷ್ಟು ಹೊತ್ತು ನೆನೆಯಲು ಬಿಟ್ಟು ಒರೆಸಿ. ಅಮೋನಿಯ ಇರುವ ಕ್ಲೀನರ್ ಬಳಸಿದರೆ ಇಲ್ಲಿ ಮೂತ್ರ ಮಾಡು ಎಂದು ಫಲಕ ಹಾಕಿದಂತೆಯೇ.

ದಿನವೂ ಉಂಡೆ ಎತ್ತತೊಡಗಿದರೆ ನಿಮ್ಮ ಕೈಗೆ ಆರೋಗ್ಯದ ಲೆಕ್ಕವೂ ಸಿಗುತ್ತದೆ. ವಯಸ್ಕ ಬೆಕ್ಕು ದಿನಕ್ಕೆ ಎರಡರಿಂದ ನಾಲ್ಕು ಸಲ ಮೂತ್ರ ಮಾಡುವುದು ಸಾಮಾನ್ಯ. ಉಂಡೆಗಳು ಏಕಾಏಕಿ ದೊಡ್ಡದಾಗಿ, ಹೆಚ್ಚಾಗಿ ಬಂದರೆ ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆಯ ಸುಳಿವಿರಬಹುದು. ನಾಣ್ಯದಷ್ಟು ಚಿಕ್ಕ ಉಂಡೆಗಳು ಹಲವು ಸಿಕ್ಕರೆ ಮೂತ್ರಕೋಶ ಕೆರಳಿದೆ. ಗಂಡುಬೆಕ್ಕು ಮತ್ತೆ ಮತ್ತೆ ಪೆಟ್ಟಿಗೆಗೆ ಹೋಗಿ ತಿಣುಕುತ್ತಿದ್ದು ಉಂಡೆಯೇ ಇಲ್ಲವೆಂದರೆ ಬೆಳಗಾಗಲಿ ಎಂದು ಕಾಯಬೇಡಿ. ಮೂತ್ರನಾಳ ಕಟ್ಟಿಕೊಂಡಿದ್ದರೆ ಒಂದೆರಡು ದಿನದಲ್ಲೇ ಪ್ರಾಣಕ್ಕೆ ಬರುತ್ತದೆ.

ನಿಮ್ಮ ಹೆಣ್ಣುಬೆಕ್ಕಿನ ವಿಷಯದಲ್ಲಿ ಒಂದು ತಿಂಗಳು ಈಗಾಗಲೇ ಕಳೆದಿರುವುದರಿಂದ, ಲಿಟರ್ ಬದಲಿಸಿ ನೋಡೋಣ ಎನ್ನದೆ ಈ ವಾರವೇ ಮೂತ್ರ ಪರೀಕ್ಷೆ ಮಾಡಿಸಿ. ಮಾದರಿ ಹಿಡಿಯುವುದು ಸುಲಭ. ಗಂಡನ್ನು ಬೇರೆ ಕೋಣೆಯಲ್ಲಿರಿಸಿ, ಚೆನ್ನಾಗಿ ತೊಳೆದು ಒಣಗಿಸಿದ ಪೆಟ್ಟಿಗೆಯನ್ನು ಹೆಣ್ಣಿಗೆ ಖಾಲಿಯಾಗಿಯೇ ಇಡಿ. ಖಾಲಿ ಪೆಟ್ಟಿಗೆಗೆ ಅದು ಒಪ್ಪದಿದ್ದರೆ ನೀರು ಹೀರದ ಪ್ಲಾಸ್ಟಿಕ್ ಮಣಿಗಳನ್ನು ಹಾಕಿ, ನಿಮ್ಮ ವೈದ್ಯರ ಬಳಿ ಸಿಗುತ್ತವೆ. ಮೂತ್ರವನ್ನು ಸೂಜಿಯಿಲ್ಲದ ಸಿರಿಂಜಿನಿಂದ ಎಳೆದು ಶುದ್ಧ ಡಬ್ಬಿಗೆ ತುಂಬಿ, ಕೂಡಲೇ ಕೊಂಡೊಯ್ಯಲಾಗದಿದ್ದರೆ ಫ್ರಿಜ್‌ನಲ್ಲಿಟ್ಟು, ಕೆಲವೇ ಗಂಟೆಗಳೊಳಗೆ ತಲುಪಿಸಿ. ಹಿಡಿದ ಸಮಯವನ್ನು ಡಬ್ಬಿಯ ಮೇಲೆ ಬರೆದಿರಿ.